ಹೊರಗಿನವರನ್ನು ಒಳಗೆ ಕರೆದ ನಂಬಿಕೆ: ರಾಹಾಬಳಿಂದ ಸಮಾರ್ಯದವನವರೆಗೆ

ಕಾಸರಗೋಡು: ಜಿಲ್ಲೆಯ ಕ್ರೈಸ್ತ ದೇವಾಲಯಗಳಲ್ಲಿ ಒಂದೇ ಬೈಬಲ್ ಕಥೆ ಹಲವು ಭಾಷೆಗಳಲ್ಲಿ ಕೇಳಿಬರುತ್ತದೆ. ಮಂಜೇಶ್ವರ, ಕಯ್ಯಾರು, ಬೇಳ ಮೊದಲಾದ ಕಡೆ ಕೊಂಕಣಿ ಮತ್ತು ಕನ್ನಡ. ಪೂರ್ವದ ಗುಡ್ಡಗಾಡಿನ ರಾಜಪುರಂ, ಚಿಟ್ಟಾರಿಕ್ಕಲ್ ಕಡೆ ಮಲಯಾಳ. ಗೋವಾ ಕಡೆಯಿಂದ ಕೆಳಗಿಳಿದು ಬಂದವರ ಸಂತತಿ ಒಂದೆಡೆ, ತಿರುವಾಂಕೂರಿನ ಕಡೆಯಿಂದ 20ನೇ ಶತಮಾನದಲ್ಲಿ ಬಂದು ಕಾಡು ಕಡಿದು ರಬ್ಬರ್ ನೆಟ್ಟವರ ಸಂತತಿ ಇನ್ನೊಂದೆಡೆ. 1956 ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ ಕನ್ನಡಿಗರೂ ತಮ್ಮದೇ ಮನೆಯಲ್ಲಿ ಅಲ್ಪಸಂಖ್ಯಾತರಾದರು. 'ಒಳಗಿನವರು ಯಾರು, ಹೊರಗಿನವರು ಯಾರು' ಎಂಬ ಪ್ರಶ್ನೆ ಈ ಗಡಿನಾಡಿಗೆ ಹೊಸದಲ್ಲ.

ಇದೇ ಪ್ರಶ್ನೆ ಬೈಬಲಿನ ಉದ್ದಕ್ಕೂ ಇದೆ. ಅಲ್ಲಿ ಸಿಗುವ ಉತ್ತರ ಮಾತ್ರ ಅನೇಕ ಕಡೆ ಅನಿರೀಕ್ಷಿತ. ಕುಲ, ಜಾತಿ, ಊರು, ಭಾಷೆ ಎಲ್ಲದರಲ್ಲೂ ಹೊರಗಿನವರಾದ ಕೆಲವರು ತಾವು ಮಾಡಿದ ಒಂದು ಕೆಲಸದಿಂದ ದೇವರ ಜನರ ಸಾಲಿಗೆ ಸೇರಿಬಿಡುತ್ತಾರೆ. ಒಳಗಿನವರು ನೋಡುತ್ತಾ ನಿಲ್ಲುತ್ತಾರೆ. ಈ ಕಥೆಗಳು ಯಾವುವು, ಅವುಗಳ ತಿರುಳೇನು, 'ನಂಬಿಕೆಯೇ ಸಾಕು' ಎಂಬವರಿಗೂ 'ಕ್ರಿಯೆಯೂ ಬೇಕು' ಎಂಬವರಿಗೂ ನಡೆದ ದೊಡ್ಡ ವಾದ ಹೇಗೆ ತಣ್ಣಗಾಯಿತು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೋಟೆ ಗೋಡೆಯ ಮೇಲಿನ ಮನೆ

ಮೊದಲ ಹೆಸರು ರಾಹಾಬಳದು. ಕಥೆ ಹಳೆ ಒಡಂಬಡಿಕೆಯ ಯೆಹೋಶುವನ ಗ್ರಂಥದ 2 ಮತ್ತು 6ನೇ ಅಧ್ಯಾಯಗಳಲ್ಲಿದೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆ ಹೊಂದಿದ ಇಸ್ರಾಯೇಲ್ಯರು ಜೋರ್ದಾನ್ ನದಿಯ ಆಚೆ ದಡದಲ್ಲಿ ಬೀಡುಬಿಟ್ಟಿದ್ದಾರೆ. ಎದುರಿಗೆ ಯೆರಿಕೋ ಪಟ್ಟಣ. ನಾಯಕ ಯೆಹೋಶುವ ಇಬ್ಬರು ಗೂಢಚಾರರನ್ನು ಕಳುಹಿಸುತ್ತಾನೆ. ಅವರು ಹೋಗಿ ತಂಗುವುದು ರಾಹಾಬಳ ಮನೆಯಲ್ಲಿ. ಆಕೆ ಕಾನಾನ್ಯಳು, ಮೇಲಾಗಿ ವೇಶ್ಯೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಆಕೆಯನ್ನು ವಸತಿಗೃಹ ನಡೆಸುವವಳಂತೆ ಚಿತ್ರಿಸಿದ್ದಾನೆ. ಆದರೆ ಬೈಬಲ್ ಮುಚ್ಚುಮರೆಯಿಲ್ಲದೆ ವೇಶ್ಯೆ ಎಂದೇ ಹೇಳುತ್ತದೆ. ಆಕೆಯ ಮನೆ ಇದ್ದದ್ದು ಕೋಟೆಯ ಗೋಡೆಗೆ ಅಂಟಿಕೊಂಡು. ಊರಿನ ಒಳಗೂ ಅಲ್ಲ, ಹೊರಗೂ ಅಲ್ಲ ಎಂಬಂಥ ಜಾಗ.

ಸುದ್ದಿ ಅರಸನಿಗೆ ಮುಟ್ಟಿತು. ಸೈನಿಕರು ಬಾಗಿಲು ತಟ್ಟಿದರು. ರಾಹಾಬಳು ಮಾಳಿಗೆಯ ಮೇಲೆ ಒಣಗಲು ಹರಡಿದ್ದ ಅಗಸೆ ನಾರಿನ ದಂಟುಗಳ ಕೆಳಗೆ ಇಬ್ಬರನ್ನೂ ಅಡಗಿಸಿ, ಅವರು ಆಗಲೇ ಹೊರಟುಹೋದರೆಂದು ಹೇಳಿ ಸೈನಿಕರನ್ನು ಸಾಗಹಾಕಿದಳು. ಬಳಿಕ ಕಿಟಕಿಯಿಂದ ಹಗ್ಗ ಇಳಿಬಿಟ್ಟು ಅವರನ್ನು ಗೋಡೆಯಾಚೆಗೆ ಇಳಿಸಿ, ಮೂರು ದಿನ ಬೆಟ್ಟದಲ್ಲಿ ಅವಿತಿರಿ ಎಂದು ಬೇರೆ ದಾರಿ ತೋರಿಸಿದಳು. ಪ್ರತಿಯಾಗಿ ಆಕೆ ಕೇಳಿದ್ದು ಹಣವನ್ನಲ್ಲ. ತನ್ನ ತಂದೆ, ತಾಯಿ, ಅಣ್ಣ ತಮ್ಮಂದಿರು, ಅಕ್ಕ ತಂಗಿಯರ ಜೀವ ಉಳಿಸಬೇಕೆಂದು ಮಾತ್ರ ಕೇಳಿದಳು. ಗುರುತಿಗೆಂದು ಅದೇ ಕಿಟಕಿಗೆ ಕೆಂಪು ದಾರ ಕಟ್ಟಿಡಲು ಗೂಢಚಾರರು ತಿಳಿಸಿದರು. ಯೆರಿಕೋ ಬಿದ್ದಾಗ ಆ ಮನೆಯವರಷ್ಟೇ ಉಳಿದರು, ಮುಂದೆ ಇಸ್ರಾಯೇಲ್ಯರ ನಡುವೆಯೇ ಬಾಳಿದರು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮತ್ತಾಯನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಯೇಸುವಿನ ವಂಶಾವಳಿ ಇದೆ. ಗಂಡಸರ ಹೆಸರುಗಳೇ ತುಂಬಿರುವ ಆ ಪಟ್ಟಿಯಲ್ಲಿ ರಾಹಾಬಳ ಹೆಸರೂ ಬರುತ್ತದೆ. ಊರು ದೂರವಿಟ್ಟ ಹೆಣ್ಣೊಬ್ಬಳು ಯೇಸುವಿನ ಪೂರ್ವಜೆಯಾಗಿ ನಿಲ್ಲುತ್ತಾಳೆ.

ಸುಳ್ಳು ಹೇಳಿದ್ದು ಸರಿಯೇ?

ರಾಹಾಬಳ ಕಥೆ ಕೇಳಿದವರಿಗೆ ಎರಡು ಸಂಶಯ ಬರುವುದು ಸಹಜ. ಒಂದು, ಆಕೆ ಸುಳ್ಳು ಹೇಳಿದಳಲ್ಲವೇ? ಎರಡು, ತನ್ನ ಊರಿಗೇ ದ್ರೋಹ ಬಗೆದಳಲ್ಲವೇ?

ಮೊದಲನೆಯ ಪ್ರಶ್ನೆಯನ್ನು ಸಂತ ಅಗಸ್ಟಿನ್ ಸುಮಾರು 1,600 ವರ್ಷಗಳ ಹಿಂದೆಯೇ ಎತ್ತಿಕೊಂಡಿದ್ದರು. ಸುಳ್ಳಿನ ವಿರುದ್ಧ ಬರೆದ ಕೃತಿಯಲ್ಲಿ ಅವರು, ರಾಹಾಬಳಿಗೆ ಮೆಚ್ಚುಗೆ ಸಿಕ್ಕಿದ್ದು ಆಕೆಯ ಸುಳ್ಳಿಗಲ್ಲ, ದೇವರ ಜನರಿಗೆ ತೋರಿದ ದಯೆಗೆ ಎಂದು ವಾದಿಸುತ್ತಾರೆ. ಹೊಸ ಒಡಂಬಡಿಕೆಯ ಯಾಕೋಬನ ಪತ್ರವೂ ಆಕೆ ಅವರನ್ನು ಬರಮಾಡಿಕೊಂಡದ್ದನ್ನು ಮತ್ತು ಬೇರೆ ದಾರಿಯಲ್ಲಿ ಕಳುಹಿಸಿದ್ದನ್ನು ಹೇಳುತ್ತದೆಯೇ ಹೊರತು ಸೈನಿಕರಿಗೆ ಕೊಟ್ಟ ಉತ್ತರವನ್ನು ಹೊಗಳುವುದಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಕಠಿಣ. ಯೆರಿಕೋದವರ ಕಣ್ಣಿನಲ್ಲಿ ಆಕೆ ದ್ರೋಹಿಯೇ. ಊರು ನಾಶವಾದ ಕಥೆ ಇಂದಿನ ಓದುಗರ ಮನಸ್ಸನ್ನು ಕಲಕುವುದೂ ಸುಳ್ಳಲ್ಲ. ಆದರೆ ಗ್ರಂಥಕಾರ ಗಮನಿಸುವ ವಿಷಯ ಬೇರೆ. ಇಸ್ರಾಯೇಲ್ಯರ ದೇವರ ಸುದ್ದಿ ಕೇಳಿ ಇಡೀ ಯೆರಿಕೋ ಎದೆಗುಂದಿತ್ತು ಎಂದು ರಾಹಾಬಳೇ ಹೇಳುತ್ತಾಳೆ. ಅಂದರೆ ಕೇಳಿದ ಸುದ್ದಿ ಎಲ್ಲರಿಗೂ ಒಂದೇ, ಹೆದರಿಕೆಯೂ ಒಂದೇ. ಎಲ್ಲರೂ ಬಾಗಿಲು ಹಾಕಿಕೊಂಡರು, ಒಬ್ಬಳು ತೆರೆದಳು. ಸಿಕ್ಕಿಬಿದ್ದಿದ್ದರೆ ಪ್ರಾಣವೇ ಹೋಗುತ್ತಿತ್ತು. ನಂಬಿಕೆ ಎಂದರೆ ಏನು ಎಂಬುದಕ್ಕೆ ಆ ಅಪಾಯವೇ ಸಾಕ್ಷಿ.

ಮೋವಾಬಿನ ಸೊಸೆ

ಮತ್ತಾಯನ ಪಟ್ಟಿಯಲ್ಲಿ ರಾಹಾಬಳ ಬೆನ್ನಿಗೇ ಬರುವ ಹೆಸರು ರೂತಳದು. ಈಕೆ ಮೋವಾಬ್ ದೇಶದವಳು. ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ದೇವರ ಸಭೆಗೆ ಸೇರಬಾರದು ಎಂದು ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಕಟ್ಟುನಿಟ್ಟಾಗಿ ಹೇಳುತ್ತದೆ. ಬರಗಾಲದಿಂದ ಬೆತ್ಲೆಹೇಮ್ ಬಿಟ್ಟು ಮೋವಾಬಿಗೆ ಬಂದ ಕುಟುಂಬವೊಂದಕ್ಕೆ ಆಕೆ ಸೊಸೆಯಾದಳು. ಮಾವ ತೀರಿಕೊಂಡ, ಗಂಡ ತೀರಿಕೊಂಡ. ಮುದಿ ಅತ್ತೆ ನೊವೊಮಿ ಊರಿಗೆ ಮರಳುವಾಗ, ನೀನು ತವರಿಗೆ ಹೋಗು ಎಂದರೂ ರೂತಳು ಒಪ್ಪಲಿಲ್ಲ. ಗೊತ್ತಿಲ್ಲದ ಊರಿಗೆ ಅತ್ತೆಯ ಹಿಂದೆಯೇ ನಡೆದಳು.

ಅಲ್ಲಿ ಆಕೆ ಮಾಡಿದ್ದು ಕೊಯ್ಲಾದ ಗದ್ದೆಯಲ್ಲಿ ಬಿದ್ದ ತೆನೆ ಆಯುವ ಕೆಲಸ. ಬಡವರಿಗೂ ಪರದೇಶಿಗಳಿಗೂ ಹೊಲದ ಅಂಚನ್ನು, ಉದುರಿದ ತೆನೆಯನ್ನು ಬಿಡಬೇಕೆಂಬ ನಿಯಮ ಅಲ್ಲಿತ್ತು. ಗದ್ದೆಯ ಯಜಮಾನ ಬೋವಜ ಆಕೆಯನ್ನು ಮದುವೆಯಾದ. ಅವರ ಮಗ ಓಬೇದ, ಮೊಮ್ಮಗ ಇಷಯ, ಮರಿಮಗ ಅರಸ ದಾವೀದ. ಸಭೆಗೆ ಸೇರಬಾರದು ಎನಿಸಿಕೊಂಡ ಕುಲದ ಹೆಣ್ಣಿನ ವಂಶದಲ್ಲಿ ಇಸ್ರಾಯೇಲಿನ ಅತಿ ದೊಡ್ಡ ಅರಸ ಹುಟ್ಟಿದ. ರೂತಳು ಯಾವ ಪವಾಡವನ್ನೂ ಮಾಡಲಿಲ್ಲ. ಮುದುಕಿಯೊಬ್ಬಳನ್ನು ಕೈಬಿಡಲಿಲ್ಲ, ಅಷ್ಟೇ.

ನಂಬಿಕೆಯೋ, ಕ್ರಿಯೆಯೋ?

ರಾಹಾಬಳ ಹೆಸರು ಹೊಸ ಒಡಂಬಡಿಕೆಯಲ್ಲಿ ಇನ್ನೆರಡು ಕಡೆ ಬರುತ್ತದೆ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಆಕೆಯನ್ನು ನಂಬಿಕೆಯ ಉದಾಹರಣೆಯಾಗಿ ಕೊಡುತ್ತದೆ. ಯಾಕೋಬನ ಪತ್ರದ 2ನೇ ಅಧ್ಯಾಯ ಆಕೆಯನ್ನೇ ಕ್ರಿಯೆಯ ಉದಾಹರಣೆಯಾಗಿ ಕೊಡುತ್ತದೆ. ಬಟ್ಟೆಯಿಲ್ಲದ, ಹಸಿದ ಸಹೋದರನಿಗೆ ಬರೇ ಒಳ್ಳೆಯ ಮಾತು ಹೇಳಿ ಕಳುಹಿಸಿದರೆ ಏನು ಪ್ರಯೋಜನ ಎಂದು ಯಾಕೋಬ ಕೇಳುತ್ತಾನೆ. ಕ್ರಿಯೆಯಿಲ್ಲದ ನಂಬಿಕೆ ಉಸಿರಿಲ್ಲದ ದೇಹದಂತೆ ಎಂಬುದು ಅವನ ಅಭಿಪ್ರಾಯ. ಇದಕ್ಕೆ ಅವನು ಎರಡೇ ಹೆಸರು ಕೊಡುತ್ತಾನೆ: ಮೂಲಪುರುಷ ಅಬ್ರಹಾಮ ಮತ್ತು ವೇಶ್ಯೆ ರಾಹಾಬಳು.

ಮನುಷ್ಯ ನೀತಿವಂತನೆನಿಸುವುದು ನಂಬಿಕೆಯಿಂದ, ಧರ್ಮಶಾಸ್ತ್ರದ ಕರ್ಮಗಳಿಂದಲ್ಲ ಎಂದು ಪೌಲ ರೋಮ್‌ನವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಮೇಲ್ನೋಟಕ್ಕೆ ಇಬ್ಬರೂ ಎದುರುಬದುರು. 16ನೇ ಶತಮಾನದಲ್ಲಿ ಯುರೋಪಿನ ಕ್ರೈಸ್ತರು ಇಬ್ಭಾಗವಾದಾಗ ಈ ಪ್ರಶ್ನೆಯೇ ಮುಖ್ಯವಾಗಿತ್ತು. ಮಾರ್ಟಿನ್ ಲೂಥರ್ 1522ರಲ್ಲಿ ಪ್ರಕಟಿಸಿದ ಜರ್ಮನ್ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಯಾಕೋಬನ ಪತ್ರವನ್ನು ಹುಲ್ಲಿಗೆ ಹೋಲಿಸಿದ್ದರು.

ಪೌಲ ಮಾತನಾಡುತ್ತಿರುವುದು ಒಳಗೆ ಬರುವ ಬಾಗಿಲಿನ ಬಗ್ಗೆ, ಯಾಕೋಬ ಮಾತನಾಡುತ್ತಿರುವುದು ಒಳಗೆ ಬಂದ ಮೇಲಿನ ಬಾಳ್ವೆಯ ಬಗ್ಗೆ ಎಂದು ಅನೇಕ ವಿದ್ವಾಂಸರು ವಿವರಿಸುತ್ತಾರೆ. ಪೌಲ ತಿರಸ್ಕರಿಸಿದ್ದು 'ನಾನು ಸುನ್ನತಿಯಾದವನು, ನನ್ನ ಕುಲ ಶ್ರೇಷ್ಠ' ಎಂಬ ಹೆಮ್ಮೆಯನ್ನು. ಯಾಕೋಬ ತಿರಸ್ಕರಿಸಿದ್ದು 'ನಾನು ನಂಬಿದ್ದೇನೆ, ಇನ್ನೇನು ಬೇಕು' ಎಂಬ ಸೋಮಾರಿತನವನ್ನು. ಹೊರಗಿನವರ ಪರವಾಗಿ ಇಬ್ಬರೂ ನಿಂತಿದ್ದರು ಎಂಬುದಕ್ಕೆ ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯವೇ ಆಧಾರ. ಯೆಹೂದ್ಯರಲ್ಲದವರ ಮೇಲೆ ಹೆಚ್ಚಿನ ಹೊರೆ ಹಾಕಬಾರದು ಎಂದು ಜೆರುಸಲೇಮಿನ ಸಭೆಯಲ್ಲಿ ತೀರ್ಮಾನ ಹೇಳಿದ್ದು ಯಾಕೋಬನೇ. ಸಂಪ್ರದಾಯವು ಪತ್ರವನ್ನೂ ಅವನದೇ ಎನ್ನುತ್ತದೆ.

ಸುಮಾರು 450 ವರ್ಷ ನಡೆದ ವಾದಕ್ಕೆ 1999 ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಒಂದು ಹಂತದ ತೆರೆ ಬಿತ್ತು. ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿದವು. ರಕ್ಷಣೆ ದೇವರ ಕೃಪೆಯಿಂದ ನಂಬಿಕೆಯ ಮೂಲಕ ಬರುತ್ತದೆ, ಸತ್ಕ್ರಿಯೆಗಳು ಅದರ ಫಲ ಎಂಬುದು ಅದರ ಸಾರ. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಇದಕ್ಕೆ ಸೇರಿದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯವರೂ ಅದಕ್ಕಿಂತ ಹಳೆಯ ಕಥೋಲಿಕರೂ ಅಕ್ಕಪಕ್ಕ ಬಾಳುವ ಈ ಕರಾವಳಿಗೆ ಇದು ದೂರದ ಸುದ್ದಿಯೇನೂ ಅಲ್ಲ. ಮರ ಒಳ್ಳೆಯದಾದರೆ ಹಣ್ಣು ಬಿಟ್ಟೀತು. ಹಣ್ಣೇ ಇಲ್ಲದಿದ್ದರೆ ಮರದ ಬಗ್ಗೆ ಸಂಶಯ ಪಡಬೇಕು ಎಂಬಲ್ಲಿಗೆ ಎರಡೂ ಕಡೆಯವರು ತಲಪಿದ್ದಾರೆ.

ಊರಿನವರಿಗೆ ಬಂದ ಸಿಟ್ಟು

ಯೇಸುವಿನ ಬೋಧನೆಯಲ್ಲಿ ಹೊರಗಿನವರ ಪ್ರಸ್ತಾಪ ಆರಂಭದಲ್ಲೇ ಬರುತ್ತದೆ. ಲೂಕನ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಯೇಸು ತನ್ನೂರು ನಜರೇತಿನ ಪ್ರಾರ್ಥನಾ ಮಂದಿರದಲ್ಲಿ ಎರಡು ಹಳೆ ಕಥೆ ನೆನಪಿಸುತ್ತಾನೆ. ಬರಗಾಲದಲ್ಲಿ ಇಸ್ರಾಯೇಲಿನಲ್ಲಿ ಎಷ್ಟೋ ವಿಧವೆಯರಿದ್ದರೂ ಪ್ರವಾದಿ ಎಲೀಯನನ್ನು ಕಳುಹಿಸಿದ್ದು ಸೀದೋನ್ ಸೀಮೆಯ ಪರದೇಶಿ ವಿಧವೆಯ ಬಳಿಗೆ. ಆಕೆ ಕೊನೆಯ ಹಿಡಿ ಹಿಟ್ಟಿನಲ್ಲಿ ಮೊದಲು ಅತಿಥಿಗೆ ರೊಟ್ಟಿ ಸುಟ್ಟಳು. ಹಾಗೆಯೇ ಇಸ್ರಾಯೇಲಿನಲ್ಲಿ ಎಷ್ಟೋ ಕುಷ್ಠರೋಗಿಗಳಿದ್ದರೂ ಗುಣವಾದದ್ದು ಸಿರಿಯಾದ ಸೇನಾಪತಿ ನಾಮಾನನಿಗೆ. ಇಷ್ಟು ಕೇಳಿದ್ದೇ ತಡ, ಊರವರು ಕೆರಳಿ ಯೇಸುವನ್ನು ಗುಡ್ಡದ ಅಂಚಿನಿಂದ ಕೆಳಗೆ ದೂಡಲು ಹೊರಟರು. ಹೊರಗಿನವರನ್ನು ಹೊಗಳಿದರೆ ಒಳಗಿನವರಿಗೆ ಎಷ್ಟು ನೋವಾಗುತ್ತದೆ ಎಂಬುದನ್ನು ಬೈಬಲ್ ಅಡಗಿಸಿಟ್ಟಿಲ್ಲ.

ಕಪೆರ್ನೌಮಿನ ರೋಮನ್ ಶತಾಧಿಪತಿಯದು ಇನ್ನೊಂದು ಉದಾಹರಣೆ. ನಾಡನ್ನು ಆಳುತ್ತಿದ್ದ ಪರಕೀಯ ಸೈನ್ಯದ ಅಧಿಕಾರಿ ಆತ. ಕಾಯಿಲೆ ಬಿದ್ದದ್ದು ಅವನ ಮಗನಲ್ಲ, ಆಳು. ಆ ಆಳಿಗಾಗಿ ಆತ ಯೇಸುವಿನ ಮುಂದೆ ತಗ್ಗಿ ನಿಂತ. ನನ್ನ ಮನೆಗೆ ಬರುವ ಶ್ರಮ ಬೇಡ, ಒಂದು ಮಾತು ಸಾಕು ಎಂದ. ಇಂಥ ನಂಬಿಕೆಯನ್ನು ಇಸ್ರಾಯೇಲಿನಲ್ಲೂ ಕಾಣಲಿಲ್ಲ ಎಂದು ಯೇಸು ಬೆರಗಾದ. ತೂರ್, ಸೀದೋನ್ ಕಡೆಯ ಕಾನಾನ್ಯ ತಾಯಿಯ ಕಥೆ ಇನ್ನೂ ಕಟುವಾದದ್ದು. ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಎಂಬ ಮಾತು ಕೇಳಿಯೂ ಆಕೆ ಹಿಂದೆ ಸರಿಯಲಿಲ್ಲ. ಮೇಜಿನಿಂದ ಬಿದ್ದ ಚೂರಾದರೂ ಸಿಗಲಿ ಎಂದು ಪಟ್ಟು ಹಿಡಿದಳು. ಕಾಯಿಲೆಯ ಮಗಳಿಗಾಗಿ ಮಾನ ಬದಿಗಿಟ್ಟ ತಾಯಿಯ ಹಟವನ್ನೇ ಯೇಸು ದೊಡ್ಡ ನಂಬಿಕೆ ಎಂದು ಕರೆದ.

ಹೊರಗೆ ನಿಂತವನಿಗೇ ಸತ್ಯ ಕಾಣುವ ಕಥೆಗಳು ಈ ನೆಲಕ್ಕೂ ಪರಿಚಿತ. ಉಡುಪಿಯಲ್ಲಿ ಕನಕನ ಕಿಂಡಿಯ ಐತಿಹ್ಯವಿದೆ. ಕಾಸರಗೋಡಿನ ದಕ್ಷಿಣ ಭಾಗದಲ್ಲಿ ಕಟ್ಟುವ ಪೊಟ್ಟನ್ ತೆಯ್ಯಂನ ತೋಟ್ಟಂ ಪಾಟಿನಲ್ಲಿ ದಾರಿಬಿಡು ಎಂದ ಶಂಕರಾಚಾರ್ಯರಿಗೇ ಪುಲಯನೊಬ್ಬ ಪ್ರಶ್ನೆ ಹಾಕುತ್ತಾನೆ.

ಗಡಿಯಲ್ಲಿ ಸಿಕ್ಕಿದ ಹತ್ತು ಮಂದಿ

ಗಡಿನಾಡಿನ ಓದುಗರು ವಿಶೇಷವಾಗಿ ಗಮನಿಸಬೇಕಾದ ಒಂದು ಘಟನೆ ಲೂಕನ 17ನೇ ಅಧ್ಯಾಯದಲ್ಲಿದೆ. ಅದು ನಡೆದದ್ದು ಸಮಾರ್ಯ ಮತ್ತು ಗಲಿಲೇಯದ ಗಡಿಯಲ್ಲಿ. ಹತ್ತು ಮಂದಿ ಕುಷ್ಠರೋಗಿಗಳು ದೂರ ನಿಂತು ಕೂಗಿಕೊಂಡರು. ಅವರಲ್ಲಿ ಸಮಾರ್ಯದವನೂ ಇದ್ದ. ಆರೋಗ್ಯವಂತ ಯೆಹೂದಿಗೂ ಸಮಾರ್ಯದವನಿಗೂ ಕೊಡು ಕೊಳ್ಳುವಿಕೆ ಇರಲಿಲ್ಲ. ಎರಡೂ ಕಡೆಯವರು ಹೊರಹಾಕಿದ ಮೇಲೆ ರೋಗಿಗಳ ನಡುವೆ ಆ ಭೇದ ಉಳಿಯಲಿಲ್ಲ. ಹತ್ತೂ ಮಂದಿ ಗುಣವಾದರು. ಕೃತಜ್ಞತೆ ಹೇಳಲು ಮರಳಿ ಬಂದವನು ಒಬ್ಬನೇ, ಅವನೇ ಸಮಾರ್ಯದವನು.

ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯ ತೆರೆದದ್ದನ್ನು ಇಲ್ಲಿ ನೆನೆಯಬಹುದು. ಅದೇ ಮುಂದೆ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಕಾಸರಗೋಡಿನ ಎಲ್ಲ ಮತದವರೂ ಅಲ್ಲಿಗೆ ಚಿಕಿತ್ಸೆಗೆ ಹೋಗುತ್ತಾರೆ.

ಯೆರಿಕೋ ದಾರಿಯ ಗಾಯಾಳು

ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಲೂಕನ 10ನೇ ಅಧ್ಯಾಯದ ಸಾಮತಿ. ಮಲಯಾಳದಲ್ಲಿ 'ನಲ್ಲ ಸಮರಿಯಾಕ್ಕಾರನ್', ಕನ್ನಡದಲ್ಲಿ 'ಒಳ್ಳೆಯ ಸಮಾರ್ಯದವನು'. ಜೆರುಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿ ಸುಮಾರು 1,000 ಮೀಟರ್ ಕೆಳಕ್ಕೆ ಹೋಗುವ ಬರಡು ಘಾಟಿ, ಕಳ್ಳಕಾಕರ ತಾಣ. ಒಬ್ಬ ಪ್ರಯಾಣಿಕನನ್ನು ದೋಚಿ, ಹೊಡೆದು, ಬಟ್ಟೆ ಬಿಚ್ಚಿ ಅರೆಜೀವ ಮಾಡಿ ಬಿಟ್ಟರು. ಯಾಜಕ ಬಂದ, ಆಚೆ ಬದಿಯಿಂದ ಹೋದ. ಲೇವಿಯನೂ ಹಾಗೆಯೇ ಹೋದ. ಸಮಾರ್ಯದವನು ನಿಂತ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ವಾಹನದ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಎರಡು ದಿನಾರಿ ಕೊಟ್ಟ, ಹೆಚ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂದ. ಎರಡು ದಿನಾರಿ ಅಂದಿನ ಕೂಲಿಯಾಳಿನ ಎರಡು ದಿನದ ಸಂಬಳ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಆ ಕಾಲದಲ್ಲಿ ಒಬ್ಬ ಯಾವ ಜನ ಎಂದು ತಿಳಿಯುತ್ತಿದ್ದದ್ದು ಮಾತಿನಿಂದ ಮತ್ತು ಉಡುಪಿನಿಂದ. ಗಾಯಾಳುವಿಗೆ ಮಾತಾಡುವ ಶಕ್ತಿ ಇಲ್ಲ, ಮೈಮೇಲೆ ಬಟ್ಟೆಯೂ ಇಲ್ಲ. ಅವನು ಯಾರವನು ಎಂದು ತಿಳಿಯುವ ದಾರಿಯೇ ಇಲ್ಲ, ಬರೇ ಮನುಷ್ಯ. ಹಳೆ ಒಡಂಬಡಿಕೆಯ ನ್ಯಾಯಸ್ಥಾಪಕರ 12ನೇ ಅಧ್ಯಾಯದಲ್ಲಿ ಇದಕ್ಕೆ ತದ್ವಿರುದ್ಧ ಚಿತ್ರವಿದೆ. ಜೋರ್ದಾನಿನ ಕಡವಿನಲ್ಲಿ ನಿಂತ ಗಿಲ್ಯಾದಿನವರು ದಾಟಲು ಬಂದವರಿಂದ 'ಷಿಬ್ಬೋಲೆತ್' ಎಂಬ ಪದ ಹೇಳಿಸುತ್ತಿದ್ದರು. 'ಸಿಬ್ಬೋಲೆತ್' ಎಂದವನನ್ನು ಎಫ್ರಾಯೀಮಿನವನೆಂದು ಹಿಡಿದು ಕೊಲ್ಲುತ್ತಿದ್ದರು. ಉಚ್ಚಾರ ಕೇಳಿ ಊರು ಗುರುತಿಸುವುದು ಹೇಗೆಂದು ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಕೇಳಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ.

ಕಥೆ ಹುಟ್ಟಿದ್ದು 'ನನ್ನ ನೆರೆಯವನು ಯಾರು' ಎಂದು ಧರ್ಮಪಂಡಿತನೊಬ್ಬ ಕೇಳಿದ್ದರಿಂದ. ಮಲಯಾಳದಲ್ಲಿ ನೆರೆಯವನಿಗೆ 'ಅಯಲ್ಕ್ಕಾರನ್' ಎನ್ನುತ್ತಾರೆ. ಕುಟುಂಬಶ್ರೀಯ 'ಅಯಲ್‌ಕೂಟ್ಟಂ' ಎಂಬ ಹೆಸರಿನಲ್ಲೂ ಇದೇ ಪದ ಇದೆ. ಯೇಸು ಪ್ರಶ್ನೆಯನ್ನೇ ತಿರುಗಿಸಿದ: ಮೂವರಲ್ಲಿ ನೆರೆಯವನಾದವನು ಯಾರು? ದಯೆ ತೋರಿದವನು ಎಂದು ಪಂಡಿತ ಉತ್ತರಿಸಿದ. 'ಸಮಾರ್ಯದವನು' ಎಂಬ ಪದ ಅವನ ಬಾಯಿಂದ ಹೊರಡಲೇ ಇಲ್ಲ. ಸಮಾರ್ಯದವರು ಇಂದಿಗೂ ಇದ್ದಾರೆ. ನಾಬ್ಲಸ್ ಬಳಿಯ ಗೆರಿಜೀಮ್ ಬೆಟ್ಟದಲ್ಲೂ ಇಸ್ರೇಲಿನ ಹೋಲೋನಿನಲ್ಲೂ ಸೇರಿ ಅವರ ಸಂಖ್ಯೆ ಸಾವಿರಕ್ಕಿಂತ ಕಡಿಮೆ.

ತಲಪಾಡಿಯ ಮಣ್ಣಿನ ರಾಶಿ

2020ರ ಮಾರ್ಚ್ ಕೊನೆಯಲ್ಲಿ ಈ ಪ್ರಶ್ನೆ ಗಡಿನಾಡಿನ ಮನೆಬಾಗಿಲಿಗೇ ಬಂದಿತ್ತು. ಕೋವಿಡ್ ಹರಡುವ ಭಯದಿಂದ ಕರ್ನಾಟಕವು ತಲಪಾಡಿಯ ಹೆದ್ದಾರಿಯನ್ನು ಮುಚ್ಚಿತು, ಹಲವು ಒಳರಸ್ತೆಗಳಿಗೆ ಮಣ್ಣು ಸುರಿಯಿತು. ದಶಕಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಆಂಬುಲೆನ್ಸುಗಳು ಗಡಿಯಿಂದ ಹಿಂದೆ ತಿರುಗಿದವು. ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತುರ್ತು ಚಿಕಿತ್ಸೆಗೆ ದಾರಿ ತೆರೆಸಲು ಕೇಂದ್ರ ಸರಕಾರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರಂದು ರೋಗಿಗಳ ಸಂಚಾರಕ್ಕೆ ಒಪ್ಪಂದವಾಗಿದೆ ಎಂದು ಕೇಂದ್ರ ತಿಳಿಸಿತು. ಅದೇ ದಿನಗಳಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡವನ್ನು ಕೋವಿಡ್ ಆಸ್ಪತ್ರೆಯಾಗಿ ತೆರೆಯಲಾಯಿತು.

ಮುಚ್ಚಿದವರ ಭಯ ಸುಳ್ಳಾಗಿರಲಿಲ್ಲ. ರೋಗ ನಿಜವಾಗಿಯೂ ಹರಡುತ್ತಿತ್ತು. ಆದರೆ ಸಾಮತಿಯ ಯಾಜಕನಿಗೂ ಲೇವಿಯನಿಗೂ ಕಾರಣಗಳಿದ್ದಿರಬಹುದು: ಹೆಣ ಮುಟ್ಟಿದರೆ ಮೈಲಿಗೆ, ನಿಂತರೆ ಕಳ್ಳರ ಹೆದರಿಕೆ. ಅದೇ ಕಳ್ಳರ ಹೆದರಿಕೆ ಸಮಾರ್ಯದವನಿಗೂ ಇತ್ತು. ಭಯಪಡಬಾರದು ಎಂದು ಕಥೆ ಹೇಳುವುದಿಲ್ಲ; ಭಯವಿದ್ದೂ ದಾರಿ ಹುಡುಕಬೇಕು ಎನ್ನುತ್ತದೆ. ರಾಹಾಬಳು ಮಾಡಿದ್ದೂ ಅದನ್ನೇ.

ಕಾನೂನಿನಲ್ಲಿ ಸಮಾರ್ಯದವನು

ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಒಯ್ದರೆ ಪೊಲೀಸ್, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಭಯ ಇಂದಿಗೂ ಹಲವರಲ್ಲಿದೆ. ಕಾನೂನು ಬದಲಾಗಿದೆ. 2016 ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗೆ ಮಾನ್ಯತೆ ನೀಡಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಂಗೆ 'ಗುಡ್ ಸಮಾರಿಟನ್' ಎಂಬ ಹೆಸರೇ ಇದೆ. ಸದುದ್ದೇಶದಿಂದ, ಪ್ರತಿಫಲ ಬಯಸದೆ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. 2020ರ ನಿಯಮದಂತೆ ಹೆಸರು, ವಿಳಾಸ ಹೇಳಲು ಒತ್ತಾಯಿಸುವಂತಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯ ಆಚೆಗೂ ಈಚೆಗೂ ಕಾನೂನು ಒಂದೇ.

ಎರಡು ಸಾವಿರ ವರ್ಷದ ಹಿಂದೆ ಬೈಗುಳದಂತಿದ್ದ ಒಂದು ಜನಾಂಗದ ಹೆಸರು ಇಂದು ಭಾರತದ ಕಾನೂನಿನಲ್ಲಿ ಸಜ್ಜನಿಕೆಗೆ ಇನ್ನೊಂದು ಹೆಸರಾಗಿದೆ. ಆ ಹೆಸರನ್ನು ಬದಲಿಸಿದ್ದು ಒಂದು ಕೆಲಸ.

ಶಿಲುಬೆಯ ಕಥೆಯ ಕೊನೆಯಲ್ಲೂ ಹೊರಗಿನವನೇ ಇದ್ದಾನೆ. ಶಿಷ್ಯರು ಓಡಿಹೋಗಿದ್ದಾಗ, ಈತ ನಿಜವಾಗಿ ದೇವರ ಪುತ್ರನೆಂದು ಒಪ್ಪಿದವನು ಕಾವಲಿದ್ದ ರೋಮನ್ ಶತಾಧಿಪತಿ. ಆ ದಿನದ ಬಗ್ಗೆ ಕನ್ನಡದಲ್ಲಿ 'ಗೊಲ್ಗೊಥಾ' ಎಂಬ ಖಂಡಕಾವ್ಯ ಬರೆದವರು ಕ್ರೈಸ್ತರಲ್ಲ, ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು. ಬುದ್ಧನ ಕೊನೆಯ ದಿನದ ಬಗ್ಗೆ 'ವೈಶಾಖಿ' ಬರೆದವರೂ ಅವರೇ. ಬೇರೆಯವರ ನೋವನ್ನು ತನ್ನದೆಂದು ಬರೆಯಲು ಅವರಿಗೆ ಮತದ ಗಡಿ ಅಡ್ಡ ಬರಲಿಲ್ಲ. ರಾಹಾಬಳ ಕಿಟಕಿ, ರೂತಳ ಗದ್ದೆ, ಸಮಾರ್ಯದವನ ದಾರಿ ಎಲ್ಲವೂ ಹೇಳುವುದು ಇಷ್ಟೇ: ನೀನು ಯಾರವನು ಎಂದು ಕೇಳುವ ಮೊದಲು ಬಾಗಿಲು ತೆರೆದವರೇ ನಂಬಿದವರು.